ಲಾರಿ ಹೆಡ್‌ಲೈಟ್: ಬಲ್ಬಿಗಿಂತ ಮೊದಲು ವೈರು ನೋಡಿ

ಕಬ್ಬಿನ ಸೀಸನ್‌ನಲ್ಲಿ ಮಂಡ್ಯದ ಒಳರಸ್ತೆಗಳಲ್ಲಿ ರಾತ್ರಿ ಲಾರಿ ಓಡಿಸುವವರಿಗೆ ಹೆಡ್‌ಲೈಟ್ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ಪಾಂಡವಪುರ, ಕೊಪ್ಪ, ಕೆ.ಎಂ. ದೊಡ್ಡಿ ಕಡೆಗೆ ಕಬ್ಬು ಹೊತ್ತು ಹೋಗುವ ಟ್ರಾಲಿಗಳಲ್ಲಿ, ಎತ್ತಿನಗಾಡಿಗಳಲ್ಲಿ ಎಷ್ಟಕ್ಕೋ ಹಿಂದೆ ಲೈಟೇ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತದೆ. 2023ರ ಆಗಸ್ಟ್‌ನಿಂದ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್, ಬೈಕು, ಆಟೋ ಬಿಡುತ್ತಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲೇ ಬರಬೇಕು. ಇನ್ನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತಡೆಗೋಡೆ ಇಲ್ಲದ ಜಾಗ ಬೇಕಾದಷ್ಟು. 60ರ ಸ್ಪೀಡಿನಲ್ಲಿ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮುಂದಿನ ಗಾಡಿ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಗಾಡಿ ನಿಲ್ಲುವ ಲೆಕ್ಕ ಅಲ್ಲಿಂದ ಆಚೆಗೆ.

ನನ್ನದು ಆರು ಚಕ್ರದ ಹಳೇ ಲಾರಿ, 24 ವೋಲ್ಟ್. ಸೀಸನ್‌ನಲ್ಲಿ ಕಬ್ಬು, ಉಳಿದ ದಿನ ಮಂಡ್ಯ ಎಪಿಎಂಸಿಯಿಂದ ಬೆಲ್ಲ. ಹೆಡ್‌ಲೈಟಿನಲ್ಲಿ ಇದ್ದದ್ದು ಡಿಮ್ಮು, ಬ್ರೈಟು ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬು, 75/70 ವ್ಯಾಟ್, ಅಂದರೆ ಬ್ರೈಟಿಗೆ 75, ಡಿಮ್ಮಿಗೆ 70. ಡಿಮ್ಮಿನಲ್ಲಿ ರಸ್ತೆಯ ಅಂಚು ಕಾಣುತ್ತಿರಲಿಲ್ಲ, ಬೆಳಕು ಕೆಂಪಗೆ ಮಂಕಾಗಿತ್ತು. ಕೇಳಿದವರೆಲ್ಲ ಒಂದೇ ಮಾತು: "ಅಣ್ಣ, ಹಂಡ್ರೆಡ್ ನೈಂಟಿ ಹಾಕ್ಸ್‌ಬುಡಿ, ಹಗಲಾದಂಗಾಯ್ತದೆ." ಅಂದರೆ 100/90 ವ್ಯಾಟಿನ ಬಲ್ಬು. ಇಲ್ಲದಿದ್ದರೆ ಎಲ್‌ಇಡಿ. ನಾನು ಎರಡನ್ನೂ ಕೊಳ್ಳುವ ಮೊದಲು, ಇರುವ ಬಲ್ಬಿಗೆ ಕರೆಂಟು ಎಷ್ಟು ಬರುತ್ತಿದೆ ಅಂತ ನೋಡೋಣ ಎಂದು ಮೈಸೂರಿನ ಬನ್ನಿಮಂಟಪದಲ್ಲಿರುವ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಲಾರಿ ವೈರಿಂಗಿನಲ್ಲೇ ತಲೆ ನರೆತವರು, ನಾವೆಲ್ಲ ಭಾಯ್ ಅಂತಲೇ ಕರೆಯುವುದು.

ನಾನು ಕನೆಕ್ಟರ್ ಬಿಚ್ಚಿ ಮೀಟರ್ ಇಡಲು ಹೋದಾಗ ಅವರು ಕೈ ತಡೆದರು. "ಹಂಗಲ್ಲಣ್ಣ. ಬಲ್ಬು ಉರೀತಾ ಇರ್ಬೇಕು, ಆಗ ಹಿಡೀಬೇಕು. ಬಿಚ್ಚಿ ಹಿಡಿದ್ರೆ ಎಲ್ಲಾ ಚೆನ್ನಾಗೇ ತೋರಿಸ್ತದೆ." ಅವರ ಮಾತು ಸರಿ. ವೈರಿನೊಳಗೆ ಎಷ್ಟೇ ಕಿಲುಬು ಹಿಡಿದಿದ್ದರೂ ಕರೆಂಟು ಹರಿಯದಿದ್ದಾಗ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹರಿಯಲು ಶುರುವಾದಾಗಲೇ ದಾರಿಯಲ್ಲಿ ವೋಲ್ಟೇಜ್ ಎಷ್ಟು ಸೋರುತ್ತದೆ ಅಂತ ಗೊತ್ತಾಗುವುದು.

ಇಂಜಿನ್ ಓಡುತ್ತಿದ್ದಾಗ ಬ್ಯಾಟರಿಯಲ್ಲಿ 27.6 ವೋಲ್ಟ್. ಡಿಮ್ ಹಾಕಿ ಎಡಗಡೆ ಹೋಲ್ಡರಿನ ಹಿಂದಿನಿಂದ ಮೀಟರಿನ ಮುಳ್ಳು ತೂರಿಸಿ ನೋಡಿದರೆ ಬಲ್ಬಿನ ಎರಡು ಪಿನ್‌ಗಳ ನಡುವೆ 24.4. ಬಲ್ಬಿನ ಅರ್ತ್ ಪಿನ್ನಿನಿಂದ (ಕರೆಂಟು ವಾಪಸ್ ಹೋಗುವ ಪಿನ್ನು) ಬ್ಯಾಟರಿ ಮೈನಸ್‌ಗೆ ಹಿಡಿದರೆ 0.9, ಅಷ್ಟು ಅರ್ತಿನಲ್ಲೇ ಹೋಗುತ್ತಿತ್ತು. ಉಳಿದ 2.3 ವೋಲ್ಟನ್ನು ಸ್ವಿಚ್ಚು, ಫ್ಯೂಸ್ ಬಾಕ್ಸು ಮತ್ತು ಉದ್ದದ ಸಣ್ಣ ವೈರು ತಿನ್ನುತ್ತಿದ್ದವು. ಮೂರು ವೋಲ್ಟ್ ತಾನೆ ಅಂತ ಬಿಡುವ ಹಾಗಿಲ್ಲ. ಹ್ಯಾಲೋಜನ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತದೆ. ನನ್ನ ಬಲ್ಬು ಕೊಡಬೇಕಾದ ಬೆಳಕಿನಲ್ಲಿ ಮೂರನೇ ಒಂದು ಪಾಲು ದಾರಿಯಲ್ಲೇ ಕಳೆದುಹೋಗುತ್ತಿತ್ತು. 24 ವೋಲ್ಟ್ ಎಚ್4 ಬಲ್ಬು ಡಿಮ್ಮಿನಲ್ಲಿ 1200 ಲ್ಯೂಮೆನ್, ಬ್ರೈಟಿನಲ್ಲಿ 1900 ಲ್ಯೂಮೆನ್ ಕೊಡಬೇಕು ಅನ್ನುತ್ತಾರಲ್ಲ, ಆ ಲೆಕ್ಕವೇ 28 ವೋಲ್ಟ್ ಕೊಟ್ಟಾಗಿನದು.

ಇದೇ ವೈರಿಗೆ 100/90 ಹಾಕಿದರೆ ಏನಾಗುತ್ತಿತ್ತು? ಕರೆಂಟು ಜಾಸ್ತಿ ಎಳೆಯುತ್ತದೆ, ಸೋರಿಕೆಯೂ ಜಾಸ್ತಿ, ಸ್ವಿಚ್ಚು ಕಾಯುತ್ತದೆ, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಒಳಗಿನ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಸುಟ್ಟು ಕಂದಾದ ಹೆಡ್‌ಲೈಟುಗಳನ್ನು ಭಾಯ್ ಅಂಗಡಿಯ ಮೂಲೆಯಲ್ಲೇ ತೋರಿಸಿದರು. ರಿಫ್ಲೆಕ್ಟರ್ ಹೋದ ಮೇಲೆ ಯಾವ ಬಲ್ಬು ಹಾಕಿದರೂ ಪ್ರಯೋಜನವಿಲ್ಲ.

ಮಾಡಿಸಿದ ಕೆಲಸ ಇಷ್ಟು. ಬ್ಯಾಟರಿ ಪ್ಲಸ್‌ನಿಂದ ನೇರವಾಗಿ ದಪ್ಪ ತಾಮ್ರದ ವೈರು, ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಫ್ಯೂಸು. ಫ್ಯೂಸು ದೂರ ಹಾಕಿದರೆ ನಡುವಿನ ವೈರು ಚಾಸಿಗೆ ಉಜ್ಜಿ ಶಾರ್ಟ್ ಆದಾಗ ಕಾಯುವವರು ಯಾರೂ ಇರುವುದಿಲ್ಲ, ಈ ಒಂದು ವಿಷಯದಲ್ಲಿ ರಾಜಿ ಬೇಡ. 24 ವೋಲ್ಟಿನ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು), ಡಿಮ್ಮಿಗೊಂದು ಬ್ರೈಟಿಗೊಂದು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿ ವೈರು, 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೇ ವೈರು ಈಗ 86ಕ್ಕೆ, 85 ಅರ್ತಿಗೆ. ಹಳೇ ಸ್ವಿಚ್ಚು ಇನ್ನು ರಿಲೇಯನ್ನು ಎಳೆಯುವಷ್ಟು ಕರೆಂಟು ಹೊತ್ತರೆ ಸಾಕು. ಪ್ಲಾಸ್ಟಿಕ್ ಹೋಲ್ಡರ್ ತೆಗೆದು ಸೆರಾಮಿಕ್ ಹೋಲ್ಡರ್. ಅರ್ತಿಗೆ ಚಾಸಿಯ ಬಣ್ಣವನ್ನು ಎಮರಿ ಪೇಪರಿನಲ್ಲಿ ಕಬ್ಬಿಣ ಹೊಳೆಯುವವರೆಗೂ ಕೆರೆದು, ವೈರಿನ ತುದಿಯ ಲಗ್ ಬಿಗಿದು, ಮೇಲೆ ಗ್ರೀಸು. ಮತ್ತೆ ಮೀಟರ್ ಹಿಡಿದಾಗ ಬಲ್ಬಿನಲ್ಲಿ 27.1. ಹಳೇ ಬಲ್ಬೇ, ಆದರೆ ಅಂಗಡಿ ಮುಂದಿನ ಗೋಡೆಯ ಮೇಲೆ ಬೆಳಕಿನ ಬಣ್ಣವೇ ಬದಲಾಗಿತ್ತು.

ಆಮೇಲೆ ಬಲ್ಬು. ಹಳೆಯವುಗಳ ಗಾಜು ಒಳಗೆ ಕಪ್ಪಾಗಿತ್ತು, ಹಾಗಾಗಿ ಹೆಸರಿರುವ ಕಂಪನಿಯ 75/70 ಹೊಸ ಜೋಡಿ ತಂದೆ. ನೀಲಿ ಬಣ್ಣ ಬಳಿದ ಬಲ್ಬು ಬೇಡ. ಆ ಬಣ್ಣ ಇರುವ ಬೆಳಕನ್ನೇ ತಡೆಯುತ್ತದೆ. ಗಾಜನ್ನು ಬರಿಗೈಲಿ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ.

ಎಲ್‌ಇಡಿ ಯಾಕೆ ಬೇಡ ಅಂದೆ? ಸ್ನೇಹಿತನ ಹತ್ತಿರ ಇದ್ದ ಜೋಡಿಯನ್ನು ನನ್ನ ಲಾರಿಗೇ ಹಾಕಿ ನೋಡಿದೆ. ಎಚ್4 ಬಲ್ಬನ್ನು ಬೆಳಕಿಗೆ ಹಿಡಿದರೆ ಡಿಮ್ ಫಿಲಮೆಂಟಿನ ಕೆಳಗೆ ಪುಟ್ಟ ತಗಡಿನ ಬಟ್ಟಲು ಕಾಣುತ್ತದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದ ಹಾಗೆ ಅದು ತಡೆಯುವುದರಿಂದಲೇ ಡಿಮ್ಮಿನಲ್ಲಿ ಬೆಳಕು ಮೇಲಕ್ಕೆ ಹೋಗುವುದಿಲ್ಲ. ಹ್ಯಾಲೋಜನ್‌ಗೆ ಮಾಡಿದ ರಿಫ್ಲೆಕ್ಟರ್ ಆ ಫಿಲಮೆಂಟು ಅದೇ ಜಾಗದಲ್ಲಿದೆ ಅಂತ ನಂಬಿ ತಿರುಚಿರುವಂಥದ್ದು. ಎಲ್‌ಇಡಿಯ ಚಿಪ್ಪು ಮಿಲಿಮೀಟರ್ ಲೆಕ್ಕದಲ್ಲಿ ಆಚೀಚೆ ಆದರೂ ಬೆಳಕು ಚೆಲ್ಲಾಪಿಲ್ಲಿ. ಗೋಡೆಯ ಮೇಲೆ ಡಿಮ್ಮಿನ ಬೆಳಕು ಮುಗಿಯುವ ಗೆರೆಯೇ ಇಲ್ಲ, ಮೇಲೆಲ್ಲ ಬೆಳಕು. ಡ್ರೈವರ್ ಸೀಟಿನಿಂದ ನೋಡಿದರೆ ಭರ್ಜರಿ. ಇಳಿದು ಹೋಗಿ ಎದುರು, ಬೈಕಿನವನ ಕಣ್ಣಿನ ಎತ್ತರಕ್ಕೆ ಬಗ್ಗಿ ನಿಂತು ನೋಡಿದೆ. ಲಾರಿಯ ಆಚೆ ಈಚೆ ರಸ್ತೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ನಾಲೆ ಏರಿ ಮೇಲೆ ಎದುರಿಗೆ ಬರುವ ಹುಡುಗನಿಗೆ ನಾನು ಇದನ್ನು ಮಾಡಲಾರೆ. ಕೇಂದ್ರ ಮೋಟಾರು ವಾಹನ ನಿಯಮ 1989ರ 106ನೇ ನಿಯಮ ಕೂಡ ಇದನ್ನೇ ಹೇಳುತ್ತದೆ: 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಲೈಟು ಕುಕ್ಕಬಾರದು. ಕಂಪನಿಯಿಂದಲೇ ಎಲ್‌ಇಡಿಗಾಗಿ ಮಾಡಿದ ಪೂರ್ತಿ ಹೆಡ್‌ಲೈಟ್ ಬಂದ ಗಾಡಿಗಳ ಮಾತು ಬೇರೆ.

ಕೊನೆಗೆ ಲೈಟು ಸೆಟ್ ಮಾಡುವುದು. ಜನ ಇದನ್ನು ಖಾಲಿ ಗಾಡಿಯಲ್ಲಿ ಮಾಡಿಸಿ ಹೋಗುತ್ತಾರೆ. ಲೋಡು ಬಿದ್ದರೆ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕೂರುತ್ತವೆ, ಮೂತಿ ಏಳುತ್ತದೆ, ಬೆಳಕು ಆಕಾಶ ನೋಡುತ್ತದೆ. ಹಾಗಾಗಿ ಬೆಲ್ಲದ ಲೋಡು ತುಂಬಿಕೊಂಡು, ಟೈರಿಗೆ ಗಾಳಿ ಸರಿ ಮಾಡಿ, ಸಮತಟ್ಟು ಜಾಗದಲ್ಲಿ ಗೋಡೌನ್ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿದೆ. ಬಲ್ಬಿನ ಎತ್ತರ ನೆಲದಿಂದ 90 ಸೆಂ.ಮೀ. ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ, ಅದಕ್ಕಿಂತ 15 ಸೆಂ.ಮೀ. ಕೆಳಗೆ ಇನ್ನೊಂದು. ಡಿಮ್ಮಿನ ಮೇಲಂಚು ಕೆಳಗಿನ ಗೆರೆಗೆ ಕೂರಬೇಕು. ಆಗ ಬೆಳಕು ಸುಮಾರು 60 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ನಮ್ಮ ದೇಶದ ಡಿಮ್ ಎಡಕ್ಕೆ ಸ್ವಲ್ಪ ಏರಿರುತ್ತದೆ, ಅದನ್ನು ಇಳಿಸಬೇಡಿ. ರಸ್ತೆಯ ಎಡ ಅಂಚಿನಲ್ಲಿ ಹೋಗುವ ಗಾಡಿ, ನಡೆಯುವ ಜನ ಕಾಣುವುದು ಆ ಏರಿನಿಂದಲೇ. ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರಿಂದ ತಿರುಗಿದವು.

ಈಗ ನಾಲೆ ರಸ್ತೆಯಲ್ಲಿ ಲೈಟಿಲ್ಲದ ಟ್ರಾಲಿಯ ಹಿಂದಿನ ಕಬ್ಬಿನ ತುದಿಗಳು ಡಿಮ್ಮಿನಲ್ಲೇ ಕಾಣುತ್ತವೆ, ಎದುರಿನವರು ನನಗೆ ಡಿಪ್ಪರ್ ಹೊಡೆಯುವುದಿಲ್ಲ. ಇಷ್ಟರ ಮೇಲೂ ಬೆಳಕು ವಾಪಸ್ ಬರಲು ಆ ಕಡೆ ಹೊಳೆಯುವುದೊಂದು ಇರಬೇಕಲ್ಲ, ಅದಕ್ಕೆ ಕ್ಯಾಬಿನ್‌ನಲ್ಲಿ ಕೆಂಪು ರಿಫ್ಲೆಕ್ಟರ್ ಟೇಪಿನ ಸುರುಳಿ ಇಟ್ಟಿದ್ದೇನೆ. ಫ್ಯಾಕ್ಟರಿ ಮುಂದೆ ಕ್ಯೂನಲ್ಲಿ ನಿಂತಾಗ ಪಕ್ಕದ ಟ್ರಾಲಿಯವರಿಗೆ ಕತ್ತರಿಸಿ ಕೊಡುತ್ತೇನೆ. ಸೋಗೆ ಮುಚ್ಚದ ಹಾಗೆ ಟ್ರಾಲಿಯ ಕೆಳಗಿನ ಕಬ್ಬಿಣಕ್ಕೆ ಅಂಟಿಸಿ ಅಂತ ಹೇಳುತ್ತೇನೆ. ಮಳೆಗಾಲ ಕಳೆದ ಮೇಲೆ ಅರ್ತಿನ ಲಗ್ ಬಿಚ್ಚಿ ಒರೆಸಿ ಬಿಗಿಯುವುದು, ಒಂದು ಬಲ್ಬು ಹೋದರೂ ಎರಡನ್ನೂ ಬದಲಿಸಿ ಉರಿಯುತ್ತಿರುವ ಹಳೆಯದನ್ನು ಸ್ಪೇರ್ ಇಟ್ಟುಕೊಳ್ಳುವುದು, ಹೊರಡುವ ಮುನ್ನ ಗಾಜಿಗೆ ಒದ್ದೆ ಬಟ್ಟೆ ಆಡಿಸುವುದು ಈಗ ರೂಢಿಯಾಗಿದೆ.