ಕಡ್ಲೆಕಾಯಿ ಹೊಲಕ್ಕೆ ಜಿಂಕೆ ಬಿದ್ರೆ ಏನು ಮಾಡಬೇಕು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆ ಹೊಲ ಇದ್ದವರಿಗೆ ಗೊತ್ತು, ಬೆಳಿಗ್ಗೆ ಹೋಗಿ ನೋಡಿದ್ರೆ ಕಡ್ಲೆಗಿಡದ ಕುಡಿಯೆಲ್ಲ ಚಿವುಟಿದ ಹಾಗೆ, ಬದುವಿನ ಮೇಲೆ ಹಿಕ್ಕೆ ರಾಶಿ. ಸಿಟ್ಟಿಗೆ ಉರುಳು ಕಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉರುಳು ಕಟ್ಟಿ ಹಿಡಿಯೋದೂ ಬೇಟೆಯೇ.

ನಾವು ಜಿಂಕೆ ಅನ್ನೋ ಕೃಷ್ಣಮೃಗ ಆ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಲ್ಲಿ. ಬೆಳೆ ತಿಂತು ಅಂತ ಅದನ್ನ ಕೊಲ್ಲೋಕೆ 11ನೇ ಸೆಕ್ಷನ್ನಿನಲ್ಲಿ ಅನುಮತಿ ಸಿಗಲ್ಲ. ಮನುಷ್ಯರ ಜೀವಕ್ಕೇ ಅಪಾಯ ಆದ್ರೆ, ಇಲ್ಲಾ ವಾಸಿಯಾಗದ ರೋಗ, ಗಾಯ ಇದ್ರೆ ಮಾತ್ರ, ಅದೂ ಮುಖ್ಯ ವನ್ಯಜೀವಿ ಪಾಲಕರು ಬರೆದುಕೊಟ್ರೆ. ಕೃಷ್ಣಮೃಗದಿಂದ ಜೀವಕ್ಕೆ ಅಪಾಯ ಅಂದ್ರೆ ಯಾರು ನಂಬ್ತಾರೆ, ಅಲ್ವಾ?

ಹಾಗಾಗಿ ಬೆಳೆನಷ್ಟಕ್ಕೆ ಪರಿಹಾರ ಕೇಳೋ ದಾರಿ ಹಿಡಿಯಿರಿ. ಹೊಲ ಉಳೋ ಮುಂಚೆ ಹೆಜ್ಜೆ, ಹಿಕ್ಕೆ, ಮೇಯ್ದ ಸಾಲು ಎಲ್ಲದರ ಫೋಟೋ ತೆಗೆದು, ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಸ್ವೀಕೃತಿ ಕೇಳಿ ತಗೊಳ್ಳಿ.