ಕೈ ಬೀಸಿ ಆಡುವ ಗೇಮ್ ಕನ್ಸೋಲ್: ಬೆಲೆ ಲೆಕ್ಕ ಹಾಕಿ ಆರಿಸುವುದು ಹೇಗೆ?

ಟಿ.ವಿ.ಯ ಎದುರು ನಿಂತು ಕೈ ಬೀಸಿದರೆ ಪರದೆಯೊಳಗಿನ ಆಟಗಾರನೂ ರ‍್ಯಾಕೆಟ್ ಬೀಸುವಂಥ ಆಟಗಳ ಪ್ರಯತ್ನ ಹಿಂದೆಯೂ ನಡೆದಿದ್ದರೂ, ಅವು ಕೋಟ್ಯಂತರ ಮನೆಗಳನ್ನು ಹೊಕ್ಕದ್ದು 2006ರ ನವೆಂಬರಿನಲ್ಲಿ ನಿಂಟೆಂಡೊ ಬಿಡುಗಡೆ ಮಾಡಿದ ‘ವೀ’ ಕನ್ಸೋಲಿನಿಂದ (ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವೇ ಕನ್ಸೋಲ್). ಅಮೆರಿಕದಲ್ಲಿ ಅದರ ಬೆಲೆ 250 ಡಾಲರ್ ಇತ್ತು. ಅದೇ ತಿಂಗಳು ಬಂದ ಸೋನಿಯ ಪ್ಲೇಸ್ಟೇಷನ್ 3ರ ಎರಡು ಮಾದರಿಗಳಿಗೆ 499 ಮತ್ತು 599 ಡಾಲರ್. ಒಂದು ವರ್ಷ ಮೊದಲೇ ಮಾರುಕಟ್ಟೆಯಲ್ಲಿದ್ದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360ಕ್ಕೆ ಆರಂಭದಲ್ಲಿ 299 ಮತ್ತು 399 ಡಾಲರ್. ಚಿತ್ರದ ಸ್ಪಷ್ಟತೆಯಲ್ಲಿ ಮೂರರಲ್ಲಿ ಕೊನೆಯದಾಗಿದ್ದ ವೀ ಮಾರಾಟದಲ್ಲಿ 10 ಕೋಟಿ ದಾಟಿತು. ಪ್ರತಿಸ್ಪರ್ಧಿಗಳು ಇದನ್ನು ನೋಡಿ ಸುಮ್ಮನಿರುವಂತಿರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಸೋನಿ ಕೈಯಲ್ಲಿ ಹಿಡಿದು ಆಡುವ ‘ಮೂವ್’ ಕಂಟ್ರೋಲರನ್ನೂ, ನವೆಂಬರಿನಲ್ಲಿ ಮೈಕ್ರೋಸಾಫ್ಟ್ ‘ಕಿನೆಕ್ಟ್’ ಕ್ಯಾಮೆರಾವನ್ನೂ ಹೊರತಂದವು. ಅಂದಿನಿಂದ ಯಂತ್ರಗಳು ಬದಲಾಗಿವೆ, ಆದರೆ ಕೊಳ್ಳುವವರ ಗೊಂದಲ ಹೆಚ್ಚು ಬದಲಾಗಿಲ್ಲ.

ಗೊಂದಲಕ್ಕೆ ಮುಖ್ಯ ಕಾರಣ, ಜಾಹೀರಾತಿನಲ್ಲಿ ಕಾಣುವುದು ಯಂತ್ರವೊಂದರ ಬೆಲೆ ಮಾತ್ರ. ಮನೆಯ ಇಬ್ಬರೋ ನಾಲ್ವರೋ ಒಟ್ಟಿಗೆ ನಿಂತು ಆಡಲು ತಗಲುವ ವೆಚ್ಚ ಬೇರೆಯೇ ಇರುತ್ತದೆ, ಮತ್ತು ಆ ವೆಚ್ಚದ ಲೆಕ್ಕದಲ್ಲಿ ಅಗ್ಗದ್ದು ದುಬಾರಿಯಾಗಿ, ದುಬಾರಿಯದು ಅಗ್ಗವಾಗಿ ತಲೆಕೆಳಗಾಗುವುದು ಅಪರೂಪವಲ್ಲ. ಆದ್ದರಿಂದ ಬೆಲೆ ನೋಡುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ, ಕೆಳಗಿನ ಕ್ರಮದಲ್ಲಿ ಯೋಚಿಸುವುದು ಒಳ್ಳೆಯದು.

ಮೊದಲ ಹಂತ: ಸೆನ್ಸರ್ ಏನನ್ನು ಅಳೆಯುತ್ತದೆ ಎಂದು ತಿಳಿಯಿರಿ

ಚಲನೆಯನ್ನು ಗುರುತಿಸುವ ಕಂಟ್ರೋಲರುಗಳೆಲ್ಲ ಒಂದೇ ಬಗೆಯವಲ್ಲ. ಯಾವ ಆಟಕ್ಕೆ ಯಾವುದು ಹೊಂದುತ್ತದೆ ಎಂಬುದು ಅವುಗಳೊಳಗಿನ ಸೆನ್ಸರುಗಳಿಂದ ನಿರ್ಧಾರವಾಗುವುದರಿಂದ, ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ವೀ ರಿಮೋಟಿನ ಮೊದಲ ಆವೃತ್ತಿಯಲ್ಲಿದ್ದದ್ದು ಅಕ್ಸೆಲೆರೊಮೀಟರ್. ಇದು ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಮೂರು ದಿಕ್ಕುಗಳಲ್ಲಿ ಅಳೆಯುತ್ತದೆ. ಕೈ ಅಲುಗದೆ ಇದ್ದಾಗ ಭೂಮಿಯ ಗುರುತ್ವವೊಂದೇ ಅದರ ಅರಿವಿಗೆ ಬರುವುದರಿಂದ, ರಿಮೋಟ್ ಯಾವ ಕಡೆಗೆ ವಾಲಿದೆ ಎಂದು ಸರಿಯಾಗಿಯೇ ಹೇಳಬಲ್ಲದು. ಆದರೆ ಜೋರಾಗಿ ಬೀಸಿದಾಗ ಗುರುತ್ವವೂ ಕೈಯ ಚಲನೆಯೂ ಕಲಸಿಕೊಂಡು, ಯಾವುದು ಎಷ್ಟು ಎಂದು ಬಿಡಿಸುವುದು ಅದಕ್ಕೆ ಸಾಧ್ಯವಾಗುವುದಿಲ್ಲ. ವೀ ಸ್ಪೋರ್ಟ್ಸ್‌ನ ಟೆನಿಸ್ಸನ್ನು ಸೋಫಾದ ಮೇಲೆ ಕುಳಿತು ಬರೀ ಮಣಿಕಟ್ಟು ತಿರುಗಿಸಿ ಗೆಲ್ಲಬಹುದೆಂದು ಮಕ್ಕಳು ಬೇಗನೆ ಕಂಡುಕೊಂಡದ್ದರ ಗುಟ್ಟು ಇದೇ.

ಪರದೆಯತ್ತ ಗುರಿಯಿಡುವ ಕೆಲಸಕ್ಕೆ ವೀ ಬೇರೊಂದು ಉಪಾಯ ಮಾಡಿತ್ತು. ಟಿ.ವಿ.ಯ ಮೇಲೋ ಕೆಳಗೋ ಇಡುವ ‘ಸೆನ್ಸರ್ ಬಾರ್’ ಎಂಬ ಉದ್ದನೆಯ ಪಟ್ಟಿ ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬೀರುವ ಪುಟ್ಟ ದೀಪಗಳಿವೆ, ಅಷ್ಟೇ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಅದು ಆ ಎರಡು ಬೆಳಕಿನ ಬಿಂದುಗಳನ್ನು ನೋಡಿ, ತಾನು ಎತ್ತ ಮುಖ ಮಾಡಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಪಟ್ಟಿ ಕೆಟ್ಟಾಗ ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದವರಿದ್ದಾರೆ, ಮತ್ತು ಅದು ನಿಜಕ್ಕೂ ಕೆಲಸ ಮಾಡುತ್ತದೆ. ಟಿ.ವಿ.ಯ ಪಕ್ಕದ ಕಿಟಕಿಯಿಂದ ಬಿಸಿಲು ಬಿದ್ದರೆ ಗುರಿ ಹುಚ್ಚಾಪಟ್ಟೆ ಜಿಗಿಯುವುದೂ ಇದೇ ಕಾರಣಕ್ಕೆ.

2009ರಲ್ಲಿ ಬಂದ ‘ಮೋಷನ್‌ಪ್ಲಸ್’ ಎಂಬ ಜೋಡಣೆ ರಿಮೋಟಿಗೆ ಜೈರೊಸ್ಕೋಪನ್ನು ಸೇರಿಸಿತು. ಜೈರೊಸ್ಕೋಪ್ ತಿರುಗುವಿಕೆಯ ವೇಗವನ್ನು ಅಳೆಯುತ್ತದೆ. ಆದ್ದರಿಂದ ಕತ್ತಿ ಬೀಸುವಾಗ ಅದು ಯಾವ ಕೋನದಲ್ಲಿದೆ, ಬಾಣ ಹೂಡುವಾಗ ಬಿಲ್ಲು ಎಷ್ಟು ವಾಲಿದೆ ಎಂಬಂಥ ಸೂಕ್ಷ್ಮಗಳು ಆಟಕ್ಕೆ ದಕ್ಕಿದವು. ಇದಕ್ಕೂ ಒಂದು ದೌರ್ಬಲ್ಯವಿದೆ: ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ನೇರವಾಗಿ ಹಿಡಿದ ಕತ್ತಿ ಪರದೆಯ ಮೇಲೆ ಓರೆಯಾಗಿ ಕಾಣತೊಡಗುತ್ತದೆ. ಸೋನಿಯ ಮೂವ್ ಅಕ್ಸೆಲೆರೊಮೀಟರ್ ಮತ್ತು ಜೈರೊಸ್ಕೋಪುಗಳ ಜೊತೆಗೆ ಭೂಮಿಯ ಕಾಂತಕ್ಷೇತ್ರವನ್ನು ಗ್ರಹಿಸುವ ಮ್ಯಾಗ್ನೆಟೊಮೀಟರನ್ನೂ ಇಟ್ಟು ಈ ದೋಷವನ್ನು ತಿದ್ದಿತು. ಮೂವ್‌ನ ತುದಿಯಲ್ಲಿ ಹೊಳೆಯುವ ಚೆಂಡು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಟಿ.ವಿ.ಯ ಬಳಿಯ ಕ್ಯಾಮೆರಾ ಆ ಚೆಂಡು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದಲೇ ಕೈ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಕೋಣೆಯ ಬಣ್ಣಗಳೊಡನೆ ಬೆರೆತುಹೋಗದಂತೆ ಚೆಂಡಿನ ಬಣ್ಣವೂ ತಾನಾಗಿ ಬದಲಾಗುತ್ತದೆ. ನಿಖರತೆಯೊಂದನ್ನೇ ನೋಡಿದರೆ ಆ ತಲೆಮಾರಿನ ಮೂರರಲ್ಲಿ ನನ್ನ ಮತ ಮೂವ್‌ಗೆ.

ಕಿನೆಕ್ಟ್ ಹಿಡಿದ ದಾರಿ ಬೇರೆ. ಅದರಲ್ಲಿ ಕೈಯಲ್ಲಿ ಹಿಡಿಯುವ ವಸ್ತುವೇ ಇಲ್ಲ. ಕೋಣೆಯ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಚುಕ್ಕಿಗಳ ವಿನ್ಯಾಸವನ್ನು ಎರಚಿ, ಆ ಚುಕ್ಕಿಗಳು ವಸ್ತುಗಳ ಮೇಲೆ ಬಿದ್ದು ಎಷ್ಟು ಸರಿದಿವೆ ಎಂದು ನೋಡಿ, ಪ್ರತಿ ಭಾಗವೂ ಎಷ್ಟು ದೂರದಲ್ಲಿದೆ ಎಂಬ ನಕ್ಷೆಯನ್ನು ಅದು ಸೆಕೆಂಡಿಗೆ 30 ಬಾರಿ ತಯಾರಿಸುತ್ತದೆ. ಆ ನಕ್ಷೆಯಿಂದ ಮನುಷ್ಯನ ತಲೆ, ಭುಜ, ಮೊಣಕೈ, ಮಂಡಿಗಳನ್ನು ಗುರುತಿಸುತ್ತದೆ. ಕುಣಿತದ ಆಟಗಳಿಗೆ ಇದನ್ನು ಮೀರಿಸಿದ್ದು ಇರಲಿಲ್ಲ. ಆದರೆ ಚಲನೆಗೂ ಪರದೆಯ ಪ್ರತಿಕ್ರಿಯೆಗೂ ನಡುವೆ ಗಮನಕ್ಕೆ ಬರುವಷ್ಟು ವಿಳಂಬವಿತ್ತು. ಒತ್ತಲು ಗುಂಡಿಗಳಿಲ್ಲದ ಕಾರಣ ಗುರಿಯಿಟ್ಟು ಹೊಡೆಯುವ, ಚುರುಕಾಗಿ ಓಡಿಸುವ ಆಟಗಳಿಗೆ ಅದು ಒಗ್ಗಲೂ ಇಲ್ಲ.

ಈಗಿನ ಕನ್ಸೋಲುಗಳಲ್ಲಿ ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ ಎಂಬ ಕಂಟ್ರೋಲರ್ ಜೋಡಿಯ ಪ್ರತಿಯೊಂದರಲ್ಲೂ ಅಕ್ಸೆಲೆರೊಮೀಟರ್ ಮತ್ತು ಜೈರೊಸ್ಕೋಪ್ ಇವೆ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಕಂಟ್ರೋಲರಿನಲ್ಲೂ ಇವೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಯಂತ್ರಗಳೊಡನೆ ಬರುವ ಕಂಟ್ರೋಲರಿನಲ್ಲಿ ಚಲನೆಯ ಸೆನ್ಸರೇ ಇಲ್ಲ. ಚಲನೆಯೇ ನಿಮ್ಮ ಆಸಕ್ತಿಯಾದರೆ ಪಟ್ಟಿಯಿಂದ ಒಂದು ಹೆಸರು ಇಲ್ಲಿಗೇ ಬಿಟ್ಟುಹೋಗುತ್ತದೆ.

ಎರಡನೆಯ ಹಂತ: ಕೋಣೆಯನ್ನು ಅಳೆಯಿರಿ

ಕಿನೆಕ್ಟ್‌ಗೆ ಒಬ್ಬರು ಆಡಲು ಸುಮಾರು 6 ಅಡಿ, ಇಬ್ಬರಿಗೆ ಸುಮಾರು 8 ಅಡಿ ದೂರ ಬೇಕೆಂದು ಕಂಪನಿಯೇ ಹೇಳಿತ್ತು. ಈ ದೂರದ ನಡುವೆ ಟೀಪಾಯಿ, ಕುರ್ಚಿ ಯಾವುದೂ ಇರಬಾರದು. ವೀ ರಿಮೋಟಿನ ಗುರಿ ಸರಿಯಾಗಿ ಕೂರಬೇಕಾದರೆ ಟಿ.ವಿ.ಯಿಂದ ಸುಮಾರು 3ರಿಂದ 10 ಅಡಿಯೊಳಗೆ ನಿಲ್ಲಬೇಕು. ಜಾಯ್-ಕಾನ್ ಕ್ಯಾಮೆರಾವನ್ನಾಗಲಿ ಪಟ್ಟಿಯನ್ನಾಗಲಿ ನೆಚ್ಚಿಲ್ಲದ ಕಾರಣ ಅದಕ್ಕೆ ಇಂಥ ಕಟ್ಟಳೆಯಿಲ್ಲ. ಕೈ ಚಾಚಿ ಒಂದು ಸುತ್ತು ತಿರುಗಿದರೆ ಯಾರಿಗೂ ತಾಗದಷ್ಟು ಜಾಗ ಸಾಕು. ಚಿಕ್ಕ ಕೋಣೆಯವರು ಕ್ಯಾಮೆರಾ ಆಧಾರಿತ ಯಂತ್ರಗಳನ್ನು ಇಲ್ಲೇ ಕೈಬಿಡಬಹುದು, ಅವು ಎಷ್ಟೇ ಅಗ್ಗವಾಗಿ ಸಿಗಲಿ.

ಮೂರನೆಯ ಹಂತ: ಆಡುವವರ ಸಂಖ್ಯೆಯಿಂದ ಬೆಲೆ ಕಟ್ಟಿ

ಒಂದು ಕಾಗದದಲ್ಲಿ ಯಂತ್ರದ ಬೆಲೆ ಬರೆದು, ಅದರೊಡನೆ ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ ಎಂದು ನೋಡಿ, ಇಲ್ಲದ್ದನ್ನೆಲ್ಲ ಕೆಳಗೆ ಸೇರಿಸುತ್ತಾ ಹೋಗಿ. 2010ರ ಕೊನೆಯ ಅಮೆರಿಕದ ಬೆಲೆಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆಗ ವೀ 200 ಡಾಲರ್; ಒಂದು ರಿಮೋಟ್, ಎಡಗೈಯಲ್ಲಿ ಹಿಡಿಯುವ ಒಂದು ನನ್‌ಚಕ್, ಆಟಗಳು ಅದರೊಳಗೇ ಇದ್ದವು. ಎಕ್ಸ್‌ಬಾಕ್ಸ್ 360ರ 4 ಜಿ.ಬಿ. ಮಾದರಿ ಕಿನೆಕ್ಟ್ ಸಹಿತ 300 ಡಾಲರ್, ಅದರೊಂದಿಗೂ ಒಂದು ಆಟ. ಪ್ಲೇಸ್ಟೇಷನ್ 3ಕ್ಕೆ 300 ಡಾಲರ್, ಮೂವ್, ಕ್ಯಾಮೆರಾ ಮತ್ತು ಆಟ ಸೇರಿದ ಪ್ಯಾಕಿಗೆ ಮತ್ತೆ 100, ಒಟ್ಟು 400. ಒಬ್ಬರೇ ಆಡುವುದಾದರೆ ಕ್ರಮ ಸ್ಪಷ್ಟವಾಗಿದೆ: 200, 300, 400.

ಎರಡನೆಯವರು ಸೇರಿದಾಗ ವೀಗೆ 40 ಡಾಲರಿನ ರಿಮೋಟ್, 20 ಡಾಲರಿನ ನನ್‌ಚಕ್ ಕೂಡಿ 260 ಆಗುತ್ತದೆ. ಪ್ಲೇಸ್ಟೇಷನ್ನಿಗೆ 50 ಡಾಲರಿನ ಇನ್ನೊಂದು ಮೂವ್ ಕೂಡಿ 450 ಆಗುತ್ತದೆ, ಕೆಲವು ಆಟಗಳಲ್ಲಿ ಒಬ್ಬೊಬ್ಬರಿಗೆ ಎರಡೆರಡು ಮೂವ್ ಇದ್ದರೇ ಚೆನ್ನ ಎಂಬುದನ್ನು ಬಿಟ್ಟು. ಕಿನೆಕ್ಟ್‌ಗೆ ಒಂದು ಪೈಸೆಯೂ ಹೆಚ್ಚುವುದಿಲ್ಲ, ಏಕೆಂದರೆ ಆಡುವವರ ಮೈಯೇ ಕಂಟ್ರೋಲರ್. ಅದು 300ರಲ್ಲೇ ನಿಲ್ಲುತ್ತದೆ. ನಾಲ್ವರಿಗೆ ಲೆಕ್ಕ ಹಾಕಿದರೆ ವೀ 380ಕ್ಕೆ ಏರಿ ಕಿನೆಕ್ಟನ್ನು ದಾಟಿಬಿಡುತ್ತದೆ. ಹಾಗೆಂದು ಕಿನೆಕ್ಟ್ ಅಗ್ಗವಾಯಿತೆಂದು ತೀರ್ಮಾನಿಸುವ ಮುನ್ನ ನೆನಪಿಡಬೇಕಾದದ್ದು, ಆ ಮೊದಲ ಕಿನೆಕ್ಟ್ ಒಮ್ಮೆಗೆ ಇಬ್ಬರ ಅಂಗಾಂಗಗಳನ್ನು ಮಾತ್ರ ಪೂರ್ಣವಾಗಿ ಹಿಂಬಾಲಿಸಬಲ್ಲದಾಗಿತ್ತು; ಉಳಿದಿಬ್ಬರು ಸರದಿ ಕಾಯಬೇಕು. ಇಂದಿನ ಯಂತ್ರಗಳಿಗೂ ಇದೇ ವಿಧಾನದಲ್ಲಿ ಲೆಕ್ಕ ಕಟ್ಟಬಹುದು. ಸ್ವಿಚ್‌ನ ಪೆಟ್ಟಿಗೆಯಲ್ಲಿ ಬರುವ ಜಾಯ್-ಕಾನ್ ಜೋಡಿಯನ್ನು ಹಲವು ಆಟಗಳಲ್ಲಿ ಇಬ್ಬರು ಒಂದೊಂದಾಗಿ ಹಂಚಿಕೊಳ್ಳಬಹುದು. ಅದೇ ಒಬ್ಬೊಬ್ಬರಿಗೂ ಪೂರ್ಣ ಜೋಡಿ ಬೇಕೆನ್ನುವ ಆಟವಾದರೆ ಇನ್ನೊಂದು ಜೋಡಿಗೆ 80 ಡಾಲರ್ ತೆರಬೇಕಾಗುತ್ತಿತ್ತು, ಅದು 300 ಡಾಲರಿಗೆ ಬಂದ ಯಂತ್ರದ ಕಾಲು ಭಾಗಕ್ಕಿಂತ ಹೆಚ್ಚು.

ಯಂತ್ರವನ್ನು ಕಡಿಮೆ ಲಾಭಕ್ಕೋ ನಷ್ಟಕ್ಕೋ ಮಾರಿ, ಆಟಗಳು ಮತ್ತು ಬಿಡಿಭಾಗಗಳಲ್ಲಿ ಅದನ್ನು ತುಂಬಿಕೊಳ್ಳುವುದು ಈ ಉದ್ಯಮದ ಹಳೆಯ ಲೆಕ್ಕಾಚಾರ. ಪ್ಲೇಸ್ಟೇಷನ್ 3 ಆರಂಭದಲ್ಲಿ ನಷ್ಟದಲ್ಲೇ ಮಾರಾಟವಾಯಿತು. ವೀ ಮಾತ್ರ ಮೊದಲಿನಿಂದಲೂ ಲಾಭ ತಂದಿತು. ಬೆಲೆಯ ಸಮರ ಎಂದು ಪ್ರಚಾರವಾಗುವುದೆಲ್ಲ ಯಂತ್ರದ ಮೇಲೆ ನಡೆಯುವುದರಿಂದ, ಕಂಟ್ರೋಲರುಗಳ ಬೆಲೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಕಾದರೆ ಬೆಲೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಹಿಂದೆ ಉತ್ತರ ಸುಲಭವಿತ್ತು. 2009ರ ಆಗಸ್ಟಿನಲ್ಲಿ ಸೋನಿ ಪ್ಲೇಸ್ಟೇಷನ್ 3ರ ಬೆಲೆಯನ್ನು 299 ಡಾಲರಿಗೆ ಇಳಿಸಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಎಲೀಟ್ ಮಾದರಿಯನ್ನು ಅದೇ ಮಟ್ಟಕ್ಕೆ ತಂದಿತು, ಮರುತಿಂಗಳು ನಿಂಟೆಂಡೊ ವೀಯನ್ನು 200 ಡಾಲರಿಗೆ ಇಳಿಸಿತು. ಒಬ್ಬರು ಇಳಿಸಿದರೆ ಮಿಕ್ಕವರಿಗೂ ಇಳಿಸದೆ ಗತಿಯಿರಲಿಲ್ಲ. ಈಗ ಗಾಳಿ ತಿರುಗಿದೆ. 2025ರಲ್ಲಿ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಸೀರೀಸ್, ಪ್ಲೇಸ್ಟೇಷನ್ 5, ಮೊದಲ ಸ್ವಿಚ್ ಮೂರರ ಬೆಲೆಯೂ ಏರಿತು. ವರ್ಷಗಳಷ್ಟು ಹಳೆಯದಾದ ಯಂತ್ರ ದುಬಾರಿಯಾಗುವ ಕಾಲದಲ್ಲಿ, ಇಳಿಕೆಗೆಂದು ಕಾಯುತ್ತಾ ಕೂರುವುದನ್ನು ನಾನು ಶಿಫಾರಸು ಮಾಡಲಾರೆ.

ನಾಲ್ಕನೆಯ ಹಂತ: ಸೆನ್ಸರ್ ಪೆಟ್ಟಿಗೆಯಲ್ಲೇ ಇದೆಯೇ, ಬೇರೆಯಾಗಿ ಕೊಳ್ಳಬೇಕೇ?

ಇದು ಬರೀ ಹಣದ ಪ್ರಶ್ನೆಯಲ್ಲ. ಪ್ರತಿ ಯಂತ್ರದೊಡನೆಯೂ ಒಂದು ಸೆನ್ಸರ್ ಬರುತ್ತದೆ ಎಂದಾದರೆ ಆಟ ತಯಾರಿಸುವವರು ಅದನ್ನು ನಂಬಿ ಆಟ ಕಟ್ಟುತ್ತಾರೆ. ಬೇಕಾದವರಷ್ಟೇ ಕೊಳ್ಳುವ ವಸ್ತುವಾದರೆ ಅದಕ್ಕಾಗಿ ಶ್ರಮ ಹಾಕಲು ಹಿಂಜರಿಯುತ್ತಾರೆ. ಎಕ್ಸ್‌ಬಾಕ್ಸ್ 360ರ ನಂತರ ಬಂದ ಎಕ್ಸ್‌ಬಾಕ್ಸ್ ಒನ್‌ನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 2013ರ ನವೆಂಬರಿನಲ್ಲಿ ಅದು ಹೊಸ ಕಿನೆಕ್ಟನ್ನು ಕಡ್ಡಾಯವಾಗಿ ಸೇರಿಸಿ 499 ಡಾಲರಿಗೆ ಬಂದಿತು. ಒಂದು ವಾರ ಮೊದಲು ಬಂದ ಪ್ಲೇಸ್ಟೇಷನ್ 4 ಕ್ಯಾಮೆರಾ ಇಲ್ಲದೆ 399 ಡಾಲರ್. ಹೊಸ ಕಿನೆಕ್ಟ್ ಹಳೆಯದಕ್ಕಿಂತ ಬಹಳ ಉತ್ತಮವಾಗಿತ್ತು, ಆರು ಜನರನ್ನು ಒಟ್ಟಿಗೆ ಹಿಂಬಾಲಿಸಬಲ್ಲದಾಗಿತ್ತು, ಆದರೂ ಆ 100 ಡಾಲರಿನ ಅಂತರವೇ ಎಲ್ಲಕ್ಕಿಂತ ಜೋರಾಗಿ ಮಾತನಾಡಿತು. 2014ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟ್ ಇಲ್ಲದ ಮಾದರಿಯನ್ನು 399ಕ್ಕೆ ತಂದಿತು. ಬೆಲೆಯ ತೊಂದರೆ ಪರಿಹಾರವಾಯಿತು, ಅದರ ಜೊತೆಗೇ ಕಿನೆಕ್ಟ್ ಆಟಗಳೂ ಬತ್ತಿದವು. 2017ರಲ್ಲಿ ಅದರ ತಯಾರಿಕೆಯೇ ನಿಂತಿತು. ಆದ್ದರಿಂದ ಕೊಳ್ಳುವ ಮೊದಲು, ಆ ಸೆನ್ಸರನ್ನೇ ಬಳಸುವ ಯಾವ ಯಾವ ಆಟಗಳನ್ನು ನೀವು ಆಡುವಿರಿ ಎಂದು ಹೆಸರು ಹಿಡಿದು ಪಟ್ಟಿ ಮಾಡಿ. ಮೂರು ಹೆಸರೂ ಬರದಿದ್ದರೆ ಸಾಧಾರಣ ಕಂಟ್ರೋಲರಿನ ಯಂತ್ರವೇ ಸಾಕು.

ಐದನೆಯ ಹಂತ: ಕೂರಿಸುವುದು, ಹೊಂದಿಸುವುದು

ವೀಯ ಪಟ್ಟಿಯನ್ನು ಟಿ.ವಿ.ಯ ನಡುಮಧ್ಯಕ್ಕೆ ಇಟ್ಟು, ಅದು ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ತಿಳಿಸಬೇಕು. ಇದನ್ನು ಮರೆತರೆ ಗುರಿ ಸದಾ ಒಂದಿಷ್ಟು ತಪ್ಪುತ್ತದೆ. ಕಿನೆಕ್ಟನ್ನು ನೆಲದಿಂದ 2ರಿಂದ 6 ಅಡಿ ಎತ್ತರದಲ್ಲಿ, ಅಲುಗದ ಜಾಗದಲ್ಲಿ ಇಡಬೇಕು. ಎರಡಕ್ಕೂ ಎದುರಿನಿಂದ ನೇರ ಬಿಸಿಲು ಬೀಳಬಾರದು, ಕಿಟಕಿಯ ಪರದೆ ಎಳೆದುಕೊಳ್ಳಿ. ಜೈರೊಸ್ಕೋಪ್ ಇರುವ ಕಂಟ್ರೋಲರ್ ಓರೆಯಾಗಿ ವರ್ತಿಸತೊಡಗಿದಾಗ ಅದನ್ನು ಸಮತಟ್ಟಾದ ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಕ್ಯಾಲಿಬ್ರೇಷನ್ (ಸೆನ್ಸರನ್ನು ಮರಳಿ ಹೊಂದಿಸುವುದು) ಮಾಡಬೇಕು, ಕೈಯಲ್ಲಿ ಹಿಡಿದು ಮಾಡಿದರೆ ತಪ್ಪು ಮತ್ತೆ ಉಳಿಯುತ್ತದೆ. ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿ. ಚಿತ್ರವನ್ನು ಚಂದಗಾಣಿಸಲು ಟಿ.ವಿ. ತೆಗೆದುಕೊಳ್ಳುವ ಸಮಯ ಉಳಿದು, ಕೈಗೂ ಪರದೆಗೂ ಇರುವ ವಿಳಂಬ ತಗ್ಗುತ್ತದೆ.

ಮಣಿಕಟ್ಟಿನ ಪಟ್ಟಿಯನ್ನು ಯಾರೂ ತಮಾಷೆಯೆಂದು ತಿಳಿಯಬಾರದು. ವೀ ಬಂದ ಮೊದಲ ವಾರಗಳಲ್ಲೇ ಕೈ ಜಾರಿದ ರಿಮೋಟುಗಳು ಟಿ.ವಿ. ಒಡೆದ ದೂರುಗಳು ಬಂದು, ನಿಂಟೆಂಡೊ 2006ರ ಡಿಸೆಂಬರಿನಲ್ಲಿ ದಪ್ಪನೆಯ ಪಟ್ಟಿಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು, ಮರುವರ್ಷ ರಿಮೋಟಿಗೆ ಸಿಲಿಕಾನ್ ಕವಚವನ್ನೂ ಹಂಚಿತು.

ಹಳೆಯದನ್ನು ಕೊಳ್ಳುವವರಿಗೆ

ವೀ, ಮೂವ್, ಕಿನೆಕ್ಟ್ ಈಗ ಸಿಗುವುದು ಬಹುಮಟ್ಟಿಗೆ ಹಳೆಯ ಮಾಲಿನಲ್ಲೇ, ಮತ್ತು ಅಲ್ಲಿ ಮೋಸಕ್ಕಿಂತ ಹೊಂದಾಣಿಕೆಯಾಗದ ತೊಡಕೇ ಹೆಚ್ಚು. ಎರಡು ತಲೆಮಾರಿನ ಕಿನೆಕ್ಟ್‌ಗಳು ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. ಎಕ್ಸ್‌ಬಾಕ್ಸ್ 360ರ ಹಳೆಯ ದಪ್ಪ ಮಾದರಿಗೆ ಕಿನೆಕ್ಟ್ ಜೋಡಿಸಲು ಪ್ರತ್ಯೇಕ ಪವರ್ ಅಡಾಪ್ಟರ್ ಬೇಕು. ಎಕ್ಸ್‌ಬಾಕ್ಸ್ ಒನ್ ಎಸ್‌ಗೆ ಎರಡನೆಯ ಕಿನೆಕ್ಟನ್ನು ಸೇರಿಸುವ ಅಡಾಪ್ಟರಿನ ತಯಾರಿಕೆ ಎಂದೋ ನಿಂತಿದೆ. ಸೀರೀಸ್ ಎಕ್ಸ್ ಮತ್ತು ಎಸ್ ಅದನ್ನು ಒಪ್ಪುವುದೇ ಇಲ್ಲ. ಮೂವ್‌ನೊಳಗಿನ ಬ್ಯಾಟರಿ ಹಳತಾಗಿ ಚಾರ್ಜ್ ನಿಲ್ಲದಿರಬಹುದು, ಆದ್ದರಿಂದ ಚೆಂಡು ಎಷ್ಟು ಹೊತ್ತು ಬೆಳಗುತ್ತದೆ ಎಂದು ಅಲ್ಲೇ ನೋಡಿ. ವೀ ರಿಮೋಟ್ ಕೊಳ್ಳುವಾಗ ಜೈರೊಸ್ಕೋಪ್ ಒಳಗೇ ಇರುವ ‘ಪ್ಲಸ್’ ಮಾದರಿಯನ್ನು ಹುಡುಕಿ. ಅದರ ತಳಭಾಗದಲ್ಲಿ ಮೋಷನ್‌ಪ್ಲಸ್ ಒಳಗಿದೆ ಎಂದು ಅಚ್ಚಾಗಿರುತ್ತದೆ. ಗುರಿ ಕಾಣಿಸದಿದ್ದರೆ ದೋಷ ರಿಮೋಟಿನದೋ ಟಿ.ವಿ.ಯ ಬಳಿಯ ಪಟ್ಟಿಯದೋ ಎಂದು ತಿಳಿಯಲು, ಪಟ್ಟಿಯ ತುದಿಗಳನ್ನು ಮೊಬೈಲಿನ ಮುಂಭಾಗದ ಕ್ಯಾಮೆರಾದಲ್ಲಿ ನೋಡಿ. ಬರಿಗಣ್ಣಿಗೆ ಕಾಣದ ಅವಕೆಂಪು ದೀಪಗಳು ಅನೇಕ ಮೊಬೈಲುಗಳ ಪರದೆಯಲ್ಲಿ ತಿಳಿ ನೇರಳೆಯಾಗಿ ಹೊಳೆಯುತ್ತವೆ. ಬೇರೆ ಯಾವುದಾದರೂ ಟಿ.ವಿ. ರಿಮೋಟಿನ ಬೆಳಕು ಆ ಮೊಬೈಲಿನಲ್ಲಿ ಕಂಡು ಪಟ್ಟಿಯದು ಮಾತ್ರ ಕಾಣದಿದ್ದರೆ, ಬದಲಿಸಬೇಕಾದದ್ದು ಪಟ್ಟಿಯನ್ನೇ ಹೊರತು ರಿಮೋಟನ್ನಲ್ಲ.