ಕ್ಯಾಂಪೇರ್ ತಟ್ಟೆ: ಮೊದಲು ಮಗುಚಿ ನೋಡಿ

ಫ್ರಾನ್ಸಿನ ಹಳೆಯ ಅಲಂಕಾರದ ತಟ್ಟೆಗಳನ್ನು ಸಂಗ್ರಹಿಸುವ ಆಸೆಯಿದ್ದರೆ ಒಂದೇ ಊರಿನದ್ದರಿಂದ ಶುರು ಮಾಡಿ. ನಾನು ಹಿಡಿದದ್ದು ಕ್ಯಾಂಪೇರ್. ನಾವಿರುವ ನಾಂತ್‌ನಿಂದ ವಾಯವ್ಯಕ್ಕೆ, ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದಲ್ಲಿದೆ. ಅಲ್ಲಿನ ಲೊಕ್ಮಾರಿಯಾ ಬಡಾವಣೆಯಲ್ಲಿ 17ನೇ ಶತಮಾನದ ಕೊನೆಗೆ ಈ ಕಸುಬು ಶುರುವಾಯಿತು. ತಟ್ಟೆಯ ಮೇಲೆ ದೊಗಳೆ ಚಲ್ಲಣದ ಗಂಡಸು, ಬಿಳಿ ಟೋಪಿಯ ಹೆಂಗಸು, ಸುತ್ತ ಹಳದಿ-ನೀಲಿ ಗೆರೆ. ಒಮ್ಮೆ ನೋಡಿದರೆ ಮರೆಯೋದಿಲ್ಲ.

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ತಟ್ಟೆ ಸಿಕ್ಕಿತು ಅನ್ನಿ. ಚಿತ್ರಕ್ಕೆ ಮರುಳಾಗುವ ಮೊದಲು ಮಗುಚಿ. ಎಚ್ ಮತ್ತು ಆರ್ ಅಕ್ಷರ ಅಂಟಿಕೊಂಡಿದ್ದರೆ ಅದು ಆನ್ರಿಯೋ ಕಾರ್ಖಾನೆಯ ಹಳೆಯ ಗುರುತು. ಅದೇ ಊರಿನ ಇನ್ನೊಂದು ಕಾರ್ಖಾನೆ ಎಚ್‌ಬಿಯ ಗುರುತಿಗೆ ತೀರಾ ಹತ್ತಿರವಿದೆ ಎಂಬ ತಕರಾರು ಎದ್ದು, 1922ರಿಂದ ಆನ್ರಿಯೋ ಎಂದು ಪೂರ್ತಿ ಹೆಸರು ಬರೆದರು. ‘ಫ್ರಾನ್ಸ್’ ಎಂದೂ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಹೊರಗಿನ ಮಾಲಿನ ಮೇಲೆ ದೇಶದ ಹೆಸರಿರಲೇಬೇಕೆಂದು ಅಮೆರಿಕ ಆಗ ಕಾನೂನು ತಂದಿತ್ತು. ಪಿ, ಬಿ ಪಕ್ಕ ಪುಟ್ಟ ಎಕ್ಸ್ ಕಂಡರೆ ಅದು ಕ್ಯಾಂಪೇರಿನದ್ದಲ್ಲ, ಮಾಲಿಕಾರ್ನ್ ಊರಿನದ್ದು. ಅದಕ್ಕೂ ಸಂಗ್ರಹಕಾರರಿದ್ದಾರೆ, ಆದರೆ ಕ್ಯಾಂಪೇರ್ ಅಂತ ದುಡ್ಡು ಕೊಡಬೇಡಿ.

ಆಮೇಲೆ ಅಂಚು. ಇದು ಸುಟ್ಟ ಮಣ್ಣು, ಮೇಲೆ ತವರ ಬೆರೆಸಿದ ಬಿಳಿ ಲೇಪ. ಹಾಗಾಗಿ ಅಂಚಿನಲ್ಲಿ ಚಕ್ಕೆ ಎದ್ದು ಮಣ್ಣು ಕಾಣೋದು ಸಹಜ. ಸಣ್ಣ ಚಕ್ಕೆಗೆ ನಾನು ಹಿಂಜರಿಯೋದಿಲ್ಲ. ಬಿರುಕು ಮಾತ್ರ ಬೇಡ. ಮಡಕೆ ಕೊಳ್ಳುವಾಗ ತಟ್ಟಿ ನೋಡ್ತೀವಲ್ವಾ, ಹಾಗೇ ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿ. ಠಣ್ ಎನ್ನದೆ ಮಂಕಾಗಿ ಕೇಳಿದರೆ ಎಲ್ಲೋ ಸೀಳಿದೆ. ಅಂಚು ಪೂರಾ ಹೊಸದರಂತಿದ್ದರೆ ಯುವಿ (ನೇರಳಾತೀತ) ಟಾರ್ಚ್ ಬಿಡಿ. ರಿಪೇರಿಯಾದ ಜಾಗ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ.

ಕೊನೆಗೆ ಕುಂಚ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಲೇಪ ಹಚ್ಚಿ ಎರಡನೇ ಸಲ ಸುಡುವ ಮೊದಲೇ, ಒಣಗಿದ ಲೇಪದ ಮೇಲೆ ಬರೆಯುತ್ತಾರೆ. ಬಣ್ಣವನ್ನು ಅದು ತಕ್ಷಣ ಹೀರಿಬಿಡುತ್ತದೆ, ತಿದ್ದೋಕೆ ಆಗೋದಿಲ್ಲ. ಒಂದು ಎಸಳಿಗೆ ಒಂದೇ ಒತ್ತು: ಕುಂಚ ಊರಿದ ಕಡೆ ದಪ್ಪ, ಎತ್ತಿದ ಕಡೆ ಚೂಪು. ಎರಡು ಎಸಳು ಅಚ್ಚು ಹೊಡೆದಂತೆ ಒಂದೇ ಥರ ಇದ್ದರೆ ಅನುಮಾನಪಡಿ.

ಮನೆಗೆ ತಂದ ಮೇಲೆ ನೀರಲ್ಲಿ ನೆನೆಹಾಕಬೇಡಿ, ಚಕ್ಕೆ ಎದ್ದಲ್ಲಿ ಮಣ್ಣು ನೀರು ಕುಡಿಯುತ್ತದೆ. ಗೋಡೆಗೆ ತೂಗಿಸುವಾಗ ಅಂಚನ್ನು ಬಿಗಿಯಾಗಿ ಕಚ್ಚುವ ಸ್ಪ್ರಿಂಗ್ ಕೊಕ್ಕೆ ಬೇಡ. ಹಳೆಯ ಲೇಪದಲ್ಲಿ ವಿಷಕಾರಿ ಸೀಸವೂ ಇರುತ್ತದೆ, ಹುಳಿ ತಾಗಿದರೆ ಅದು ಊಟಕ್ಕೆ ಇಳಿಯಬಹುದು. ಆಸೆಯಾದರೂ ಪುಳಿಯೋಗರೆ, ಉಪ್ಪಿನಕಾಯಿ ಬಡಿಸಬೇಡಿ.